ಬ್ರುಕ್ನರ್ ಅವರ ‘ಲೋಕುಸ್ ಇಸ್ತೆ’ ಮೊಟೆಟ್ಟನ್ನು ಐದು ಹಿತ್ತಾಳೆ ವಾದ್ಯಗಳಿಗೆ ಅಳವಡಿಸುವುದು ಹೇಗೆ?

ಡ್ಯಾನ್ಯೂಬ್‌ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಆಸ್ಟ್ರಿಯಾಕ್ಕೆ ಬಂದು ಲಿಂಟ್ಸ್ ನಗರದ ಹತ್ತಿರದ ಹಳ್ಳಿಯೊಂದರಲ್ಲಿ ಮನೆ ಮಾಡಿಕೊಂಡಿರುವ ನಾನು, ಇಲ್ಲಿನ ಊರ ಬ್ಯಾಂಡಿನಲ್ಲಿ ಯುಫೋನಿಯಂ ಊದುತ್ತೇನೆ. ಈ ಪ್ರಾಂತದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಊರಿಗೂ ಇಂತಹ ಬ್ಯಾಂಡ್ ಇದೆ. ರೈತರು, ಕಾರ್ಖಾನೆಯವರು, ಶಾಲಾ ಮಕ್ಕಳು ಎಲ್ಲರೂ ಅದರಲ್ಲಿರುತ್ತಾರೆ, ಹಬ್ಬದ ಮೆರವಣಿಗೆಯಾಗಲಿ ಶವಸಂಸ್ಕಾರವಾಗಲಿ ಅವರಿಲ್ಲದೆ ನಡೆಯುವುದಿಲ್ಲ.

ಅಕ್ಟೋಬರ್ ತಿಂಗಳ ಮೂರನೆಯ ಭಾನುವಾರ ಇಲ್ಲಿ ಚರ್ಚಿನ ಪ್ರತಿಷ್ಠಾಪನೆಯ ವಾರ್ಷಿಕೋತ್ಸವ. ಅಂದಿನ ಪೂಜೆಗೆ ಹತ್ತೊಂಬತ್ತನೆಯ ಶತಮಾನದ ಸಂಗೀತ ರಚನಕಾರ ಆಂಟನ್ ಬ್ರುಕ್ನರ್ ಅವರ ‘ಲೋಕುಸ್ ಇಸ್ತೆ’ ಎಂಬ ಮೊಟೆಟ್ (ಲ್ಯಾಟಿನ್ ಭಕ್ತಿಪಠ್ಯದ ಗಾಯನಕೃತಿ) ಹೇಳಿ ಮಾಡಿಸಿದಂತಹ ಕೃತಿ. ಬ್ರುಕ್ನರ್ ಹುಟ್ಟಿದ ಆನ್ಸ್‌ಫೆಲ್ಡನ್ ಇಲ್ಲಿಂದ ದೂರವಿಲ್ಲ. ಅವರ ಸಮಾಧಿ ಇರುವ ಸೇಂಟ್ ಫ್ಲೋರಿಯನ್ ಮಠವೂ ಹತ್ತಿರದಲ್ಲೇ ಇದೆ. ಆದ್ದರಿಂದ ಊರಿನವರಿಗೆ ಈ ಹಾಡು ಬಾಯಿಪಾಠ. ಆದರೆ ನಮ್ಮ ಚರ್ಚಿನ ಗಾಯನವೃಂದದಲ್ಲಿ ಈಗ ಟೆನರ್ ಧ್ವನಿಯವರೇ ಇಲ್ಲವಾಗಿ, ನಾಲ್ಕು ಧ್ವನಿಗಳ ಕೃತಿಯನ್ನು ಹಾಡುವ ಸ್ಥಿತಿ ಉಳಿದಿಲ್ಲ. ಆರ್ಗನ್ ನುಡಿಸುವವರು ನಮ್ಮ ಬ್ಯಾಂಡಿನ ಐವರನ್ನು ಕರೆದು, ಅದನ್ನು ವಾದ್ಯಗಳಲ್ಲಿ ಊದಲು ಸಾಧ್ಯವೇ ಎಂದು ಕೇಳಿದ್ದಾರೆ. ಅಳವಡಿಕೆಯ ಹೊಣೆ ನನ್ನ ಮೇಲೆ ಬಿದ್ದಿದೆ.

ಎತ್ತರದ ಸ್ವರದ ವಾದ್ಯದಿಂದ ಕೆಳಗಿನ ಸ್ವರದ ವಾದ್ಯದವರೆಗೆ ಹೇಳುವುದಾದರೆ, ನಮ್ಮಲ್ಲಿರುವುದು ಎರಡು ಫ್ಲೂಗಲ್‌ಹಾರ್ನ್, ಒಂದು ಟೆನರ್‌ಹಾರ್ನ್, ನನ್ನ ಯುಫೋನಿಯಂ ಮತ್ತು ಒಂದು ಟ್ಯೂಬಾ. ನನಗೆ ಮುಖ್ಯವಾಗಿ ಮೂರು ವಿಷಯಗಳಲ್ಲಿ ಸಲಹೆ ಬೇಕಾಗಿದೆ. ಮೂಲ ಕೃತಿ ಸಿ ಮೇಜರ್ ಎಂಬ ಶ್ರುತಿಯಲ್ಲಿದೆ. ಅದನ್ನು ಹಾಗೆಯೇ ಉಳಿಸಬೇಕೆ, ಇಳಿಸಬೇಕೆ? ಧ್ವನಿಗಳು ನಾಲ್ಕು, ವಾದ್ಯಗಳು ಐದು. ಮಿಕ್ಕುಳಿದ ಟ್ಯೂಬಾಗೆ ಏನು ಕೊಡಬೇಕು? ಇನ್ನು ಕೊನೆಯದು, ನನ್ನನ್ನು ಹೆಚ್ಚು ಕಾಡುತ್ತಿರುವುದು: ಪದಗಳನ್ನು ತೆಗೆದುಬಿಟ್ಟರೆ ಈ ಸಂಗೀತದಲ್ಲಿ ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆಗಳು ಬರಿಯ ಕುಟ್ಟುವ ಸದ್ದಾಗಿ ಕೇಳಿಸುತ್ತವೆ. ಇದಕ್ಕೆ ಏನು ಮಾಡಬೇಕು?

ಆಲ್ಟೊಸಾಲು:

ನಾನು ಮಂಗಳೂರಿನವಳು, ವಾದ್ಯದವಳಲ್ಲ. ಆದರೆ ಈ ಮೊಟೆಟ್ಟನ್ನು ಆಲ್ಟೊ ಧ್ವನಿಯಲ್ಲಿ ಅನೇಕ ಸಲ ಹಾಡಿದ್ದೇನೆ. ನಮ್ಮ ಕಡೆಯ ಚರ್ಚ್ ಹಬ್ಬಗಳಲ್ಲಿ ಬ್ರಾಸ್ ಬ್ಯಾಂಡ್ ಹೊಸತಲ್ಲವಾದರೂ ಅದು ಮೆರವಣಿಗೆಯ ವಾದ್ಯ, ಬೀದಿಯ ವಾದ್ಯ. ಒಳಗೆ ಪೂಜೆಯ ನಡುವೆ ಊದುವುದು ಬೇರೆಯೇ ಕೆಲಸವಾದ್ದರಿಂದ, ಹಾಡುವವರ ಕಡೆಯಿಂದ ಕೆಲವು ಮಾತು ಹೇಳುತ್ತೇನೆ.

ಕೃತಿ ಚಿಕ್ಕದು, ಒಟ್ಟು 48 ಬಾರ್‌ಗಳು (ತಾಳದ ಆವರ್ತದಂತಹ ವಿಭಾಗಗಳು). ಅದರ ಸಾಹಿತ್ಯವೂ ಚಿಕ್ಕದು: ಈ ಸ್ಥಳವು ದೇವರಿಂದಲೇ ನಿರ್ಮಿತವಾದುದು, ಬೆಲೆ ಕಟ್ಟಲಾಗದ ಪವಿತ್ರ ರಹಸ್ಯ, ಯಾವ ದೋಷಕ್ಕೂ ಎಡೆಯಿಲ್ಲದುದು ಎಂದಷ್ಟೇ. ಈ ಮೂರು ಮಾತುಗಳಿಗೆ ಬ್ರುಕ್ನರ್ ಮೂರು ಬಗೆಯ ಸಂಗೀತವನ್ನು ಬರೆದಿದ್ದಾರೆ, ನೀವು ಅಳವಡಿಸಬೇಕಾದದ್ದು ಆ ವ್ಯತ್ಯಾಸವನ್ನೇ. ‘ಲೋಕುಸ್ ಇಸ್ತೆ’ ಎಂಬಲ್ಲಿ ನಾಲ್ಕೂ ಧ್ವನಿಗಳು (ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್) ಒಟ್ಟಿಗೆ, ಒಂದೇ ನಡೆಯಲ್ಲಿ, ಮೆಲ್ಲಗೆ ಸಾಗುತ್ತವೆ. ‘ಇನೆಸ್ತಿಮಾಬಿಲೆ’ ಎಂಬಲ್ಲಿ ಬೇಸ್ ಮೊದಲು ಹೊರಡುತ್ತದೆ, ಉಳಿದವರು ಅದರ ಬೆನ್ನು ಹತ್ತುತ್ತಾರೆ. ಅದೇ ನುಡಿ ಮರುಕ್ಷಣ ಒಂದು ಮೆಟ್ಟಿಲು ಮೇಲಿನಿಂದ ಮತ್ತೆ ಬರುತ್ತದೆ. ಅನಂತರ ‘ಇರ್ರೆಪ್ರೆಹೆನ್ಸಿಬಿಲಿಸ್’ ಎಂಬ ಉದ್ದನೆಯ ಪದ ಬಂದಾಗ ಬೇಸ್ ಪೂರ್ತಿ ಸುಮ್ಮನಾಗಿಬಿಡುತ್ತದೆ. ಟೆನರ್, ಆಲ್ಟೊ, ಸೊಪ್ರಾನೊ ಮಾತ್ರ ಉಳಿದು ಅರ್ಧ ಅರ್ಧ ಸ್ವರಗಳಲ್ಲಿ ಸರಿಯುತ್ತಾ ಹೋಗುವಾಗ ಶ್ರುತಿಯ ನೆಲೆ ಎಲ್ಲಿದೆಯೆಂದು ಹಾಡುವವರಿಗೇ ಅನುಮಾನ ಹುಟ್ಟುತ್ತದೆ. ಮತ್ತೆ ಮೊದಲ ನುಡಿಯ ಜೊತೆಗೆ ಬೇಸ್ ಮರಳಿದಾಗ ಆಗುವ ನೆಮ್ಮದಿ ಈ ಗೈರುಹಾಜರಿಯಿಂದಲೇ ಬಂದದ್ದು.

ಆದ್ದರಿಂದ ಟ್ಯೂಬಾ ವಿಷಯದಲ್ಲಿ ನನ್ನ ಉತ್ತರ ನೇರವಾಗಿದೆ. ಆ ಮಧ್ಯಭಾಗದಲ್ಲಿ ಟ್ಯೂಬಾ ಒಂದು ಸ್ವರವನ್ನೂ ಊದಕೂಡದು, ಯುಫೋನಿಯಂ ಕೂಡ ಊದಕೂಡದು. ವಾದ್ಯ ಖಾಲಿ ಕೂತಿದೆಯಲ್ಲ, ಕೆಳಗೊಂದು ಆಧಾರಸ್ವರ ಕೊಡೋಣ ಎಂದು ಅಳವಡಿಸುವವರಿಗೆ ಅನ್ನಿಸುವುದು ಸಹಜ. ಅಂತಹ ಒಂದು ವಾದ್ಯರೂಪವನ್ನು ನಾನು ಕೇಳಿದ್ದೇನೆ. ಎಲ್ಲ ಸ್ವರಗಳೂ ಸರಿಯಾಗಿದ್ದವು, ಎಲ್ಲವೂ ಭದ್ರವಾಗಿತ್ತು. ಮರಳಿ ಬರುವ ಮೊದಲ ನುಡಿಗೆ ಮಾತ್ರ ಬೆಲೆಯೇ ಇರಲಿಲ್ಲ.

ಕೊನೆಯ ಭಾಗದಲ್ಲಿ ‘ಆ ದೇಓ’ ಎಂಬುದು ಹಲವು ಸ್ವರಗಳ ಮೇಲೆ ಹರಡಿಕೊಂಡು ಏರಿ ನಿಂತಾಗ, ಎಲ್ಲರಿಗೂ ಸುಮಾರು ಒಂದು ಬಾರ್‌ನಷ್ಟು ಮೌನವಿದೆ. ಅದನ್ನು ಪೂರ್ತಿ ಎಣಿಸಿರಿ. ಕಲ್ಲಿನ ಕಟ್ಟಡದಲ್ಲಿ ಹಿಂದಿನ ಮೇಳಸ್ವರ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಆ ಹೊತ್ತಿನಲ್ಲಿ ಇನ್ನೂ ತೇಲುತ್ತಿರುತ್ತದೆ. ಅದು ಅಡಗಿದ ಮೇಲೆ ಕೊನೆಯ ನುಡಿ ಬರಬೇಕು. ವಾದ್ಯದವರು ಈ ಜಾಗದಲ್ಲಿ ಉಸಿರೆಳೆದುಕೊಂಡು ಕೂಡಲೇ ಮುಂದುವರಿಯುವುದೇ ಹೆಚ್ಚು.

ಪದಗಳ ಪ್ರಶ್ನೆಗೆ ನನ್ನ ಸಲಹೆ: ಮೊದಲ ಅಭ್ಯಾಸದಲ್ಲಿ ವಾದ್ಯಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಐವರೂ ಹಾಡಿರಿ, ಧ್ವನಿ ಹೇಗಿದ್ದರೂ ಚಿಂತೆಯಿಲ್ಲ. ಲ್ಯಾಟಿನ್ ಪದಗಳ ಒತ್ತು ಎಲ್ಲಿ ಬೀಳುತ್ತದೆಂದು ನಾಲಿಗೆಗೆ ಗೊತ್ತಾಗಬೇಕು. ‘ಲೋ’ ಭಾರ, ‘ಕುಸ್’ ಹಗುರ. ‘ಇಸ್’ ಭಾರ, ‘ತೆ’ ಹಗುರ. ‘ಇನೆಸ್ತಿಮಾಬಿಲೆ’ಯಲ್ಲಿ ‘ಮಾ’ಕ್ಕೆ ಒತ್ತು, ‘ಸಾಕ್ರಾಮೆಂತುಮ್’ನಲ್ಲಿ ‘ಮೆನ್’ಗೆ, ‘ಇರ್ರೆಪ್ರೆಹೆನ್ಸಿಬಿಲಿಸ್’ನಲ್ಲಿ ‘ಸಿ’ಗೆ. ವೀಣೆಯಲ್ಲಿ ಕೃತಿ ನುಡಿಸುವವರು ಸಾಹಿತ್ಯದ ಅಕ್ಷರಕ್ಕೆ ತಕ್ಕಂತೆ ಮೀಟು ಹಾಕುತ್ತಾರಲ್ಲ, ಸಾಹಿತ್ಯ ಬಾರದವರ ನುಡಿಸಾಣಿಕೆ ಕೂಡಲೇ ಗೊತ್ತಾಗಿಬಿಡುತ್ತದಲ್ಲ, ಇದೂ ಹಾಗೆಯೇ.

ಮೂಲಪ್ರತಿ:

ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲು ಬಯಸುತ್ತೇನೆ. ಇದನ್ನು ಅಳವಡಿಸಲೇಬೇಕೆ ಎಂಬುದು ನನ್ನ ಪ್ರಶ್ನೆ.

ಬ್ರುಕ್ನರ್ ಅವರಿಗೆ ಹಿತ್ತಾಳೆ ವಾದ್ಯಗಳು ಅಪರಿಚಿತವಾಗಿರಲಿಲ್ಲ. ಧ್ವನಿಗಳ ಜೊತೆಗೆ ಅವು ಬೇಕೆನ್ನಿಸಿದ ಕಡೆಯಲ್ಲೆಲ್ಲ ಅವರು ಬರೆದೇ ಬರೆದಿದ್ದಾರೆ: 1868ರ ‘ಇನ್ವೇನಿ ದಾವಿದ್’ ಪುರುಷ ಧ್ವನಿಗಳಿಗೂ ನಾಲ್ಕು ಟ್ರೊಂಬೋನ್‌ಗಳಿಗೂ ಬರೆದದ್ದು, 1885ರ ‘ಎಕ್ಕೆ ಸಾಚೆರ್ದೋಸ್ ಮಾಗ್ನುಸ್’ನಲ್ಲಿ ಮೂರು ಟ್ರೊಂಬೋನ್ ಮತ್ತು ಆರ್ಗನ್ ಇವೆ. ‘ಲೋಕುಸ್ ಇಸ್ತೆ’ಯ ಸಂದರ್ಭವನ್ನೇ ನೋಡಿ. ಲಿಂಟ್ಸ್‌ನಲ್ಲಿ ಬಿಷಪ್ ರೂಡಿಗಿಯರ್ ಕಟ್ಟಿಸಲಾರಂಭಿಸಿದ ಹೊಸ ಕೆಥೆಡ್ರಲ್‌ನ ಶಂಕುಸ್ಥಾಪನೆ 1862ರಲ್ಲಿ ಆಯಿತು. ಅದರಲ್ಲಿ ಮೊದಲು ಸಿದ್ಧವಾದ ಹರಕೆಯ ಪ್ರಾರ್ಥನಾಲಯದ ಪ್ರತಿಷ್ಠಾಪನೆ 1869ರಲ್ಲಿ ನಡೆಯಿತು. ಆ ಸಂದರ್ಭಕ್ಕೆ ಸೆಪ್ಟೆಂಬರ್ 29ರಂದು ಕಟ್ಟಡದ ಹೊರಗೆ, ಬಯಲಿನಲ್ಲಿ, ಅವರ ಇ ಮೈನರ್ ಪೂಜಾಗೀತೆ ಮೊದಲ ಬಾರಿಗೆ ಪ್ರಯೋಗವಾಯಿತು. ಅದರಲ್ಲಿ ಎಂಟು ಭಾಗಗಳ ಗಾಯನವೃಂದದ ಜೊತೆಗೆ ಮರದ ಊದುವಾದ್ಯಗಳು, ನಾಲ್ಕು ಹಾರ್ನ್, ಎರಡು ಟ್ರಂಪೆಟ್, ಮೂರು ಟ್ರೊಂಬೋನ್ ಇದ್ದವು. ಅದೇ ಪ್ರಾರ್ಥನಾಲಯಕ್ಕಾಗಿ ಬರೆದ, ಅಕ್ಟೋಬರ್ 29ರಂದು ಹಾಡಲಾದ ಈ ಮೊಟೆಟ್‌ನಲ್ಲಿ ಮಾತ್ರ ಒಂದು ವಾದ್ಯವೂ ಇಲ್ಲ. ಬಯಲಿಗೆ ವಾದ್ಯ, ಒಳಗೆ ಬರಿಯ ಧ್ವನಿ ಎಂದು ಕರ್ತೃವೇ ನಿರ್ಧರಿಸಿದ ಮೇಲೆ ನಾವು ಅದನ್ನು ತಿರುಗುಮುರುಗು ಮಾಡುವುದಕ್ಕೆ ಅನುಕೂಲವೊಂದನ್ನು ಬಿಟ್ಟು ಬೇರೆ ಕಾರಣ ಕಾಣುವುದಿಲ್ಲ.

ಐವರು ವಾದಕರಿರುವಾಗ, ಹಿತ್ತಾಳೆಗೆಂದೇ ಬರೆದ ಸಂಗೀತವನ್ನು ಆರಿಸಿಕೊಳ್ಳಬಹುದಲ್ಲವೇ? ಬ್ರುಕ್ನರ್ ಅವರದೇ ಬೇಕೆಂದರೆ ಮೂರು ಟ್ರೊಂಬೋನ್‌ಗಳಿಗೆ 1847ರಲ್ಲಿ ಬರೆದ ಎರಡು ‘ಎಕ್ವಾಲೆ’ಗಳಿವೆ (ಒಂದೇ ಬಗೆಯ ವಾದ್ಯಗಳಿಗೆ ಬರೆದ ಚಿಕ್ಕ ಕೃತಿಗಳು), ಲಿಂಟ್ಸ್‌ನ ನಂಟು ಬೇಕೆಂದರೆ ಬೀಥೋವನ್ 1812ರಲ್ಲಿ ಆ ಊರಿನಲ್ಲಿದ್ದಾಗ ನಾಲ್ಕು ಟ್ರೊಂಬೋನ್‌ಗಳಿಗೆ ಬರೆದ ‘ಎಕ್ವಾಲೆ’ಗಳಿವೆ. ಅವನ್ನು ನಿಮ್ಮ ವಾದ್ಯಗಳಿಗೆ ಹೊಂದಿಸುವುದು ಸುಲಭ, ಯಾವ ಪದವನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಜಾರುಕೊಳವೆ:

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಇದ್ದು, ಇಲ್ಲಿನ ಪ್ರೊಟೆಸ್ಟೆಂಟ್ ಚರ್ಚೊಂದರ ಪೊಸೌನೆನ್‌ಕೋರ್, ಅಂದರೆ ಹಿತ್ತಾಳೆ ವಾದ್ಯವೃಂದದಲ್ಲಿ ಟ್ರೊಂಬೋನ್ ಊದುತ್ತೇನೆ. ಹಾಡಲೆಂದು ಬರೆದದ್ದನ್ನು ಊದುವುದೇ ನಮ್ಮ ಭಾನುವಾರದ ಕೆಲಸವಾದ್ದರಿಂದ ಮೂಲಪ್ರತಿ ಅವರ ಮಾತಿಗೆ ಮೊದಲು ಉತ್ತರಿಸುತ್ತೇನೆ.

ಅವರು ಸೂಚಿಸಿದ ಎಕ್ವಾಲೆಗಳು ಶವಸಂಸ್ಕಾರದ ಸಂಗೀತ. ಬೀಥೋವನ್ ಅವನ್ನು ಲಿಂಟ್ಸ್ ಕೆಥೆಡ್ರಲ್‌ನ ಸಂಗೀತ ನಿರ್ದೇಶಕ ಗ್ಲೋಗ್ಲ್ ಅವರ ಕೋರಿಕೆಯ ಮೇಲೆ, ಮೃತರ ಸ್ಮರಣೆಯ ದಿನಕ್ಕಾಗಿ ಬರೆದುಕೊಟ್ಟರು. ಬ್ರುಕ್ನರ್ ಬರೆದದ್ದು ಬಂಧುವೊಬ್ಬರು ತೀರಿಕೊಂಡಾಗ. ಚರ್ಚಿನ ಪ್ರತಿಷ್ಠಾಪನೆಯ ಹಬ್ಬದ ದಿನ ಅವನ್ನು ಊದಿದರೆ ಹಳ್ಳಿಯ ಹಿರಿಯರು ಯಾರು ಹೋದರೆಂದು ವಿಚಾರಿಸಿಯಾರು. ಸಂದರ್ಭಕ್ಕೆ ಹೊಂದುವುದು ‘ಲೋಕುಸ್ ಇಸ್ತೆ’ಯೇ, ಏಕೆಂದರೆ ಅದರ ಪಠ್ಯ ಪ್ರತಿಷ್ಠಾಪನೆಯ ದಿನದ ಪೂಜಾವಿಧಿಗೇ ಸೇರಿದ್ದು.

ಧ್ವನಿಗೂ ಹಿತ್ತಾಳೆಗೂ ನಡುವಿನ ಗೋಡೆ ಆ ನಾಡಿನಲ್ಲಿ ಎಂದೂ ಅಷ್ಟು ಎತ್ತರವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಈ ಎಕ್ವಾಲೆಗಳ ಮುಂದಿನ ಕಥೆಯೇ ಸಾಕ್ಷಿ. 1827ರ ಮಾರ್ಚ್ 29ರಂದು ವಿಯೆನ್ನಾದಲ್ಲಿ ಬೀಥೋವನ್ ಅವರ ಅಂತ್ಯಯಾತ್ರೆ ನಡೆದಾಗ, ಇಗ್ನಾಟ್ಸ್ ಸೈಫ್ರೀಡ್ ಅವರು ಅವುಗಳಲ್ಲಿ ಎರಡಕ್ಕೆ ‘ಮಿಸೆರೆರೆ’ ಕೀರ್ತನೆಯ ಪದಗಳನ್ನು ಕೂಡಿಸಿ ನಾಲ್ಕು ಪುರುಷ ಧ್ವನಿಗಳಿಗೆ ಅಳವಡಿಸಿದ್ದರು. ದಾರಿಯಲ್ಲಿ ಅದನ್ನು ಟ್ರೊಂಬೋನ್‌ಗಳೂ ಹಾಡುಗಾರರೂ ಸರದಿಯ ಮೇಲೆ ನಡೆಸಿಕೊಟ್ಟರು. ವಾದ್ಯಕ್ಕಾಗಿ ಹುಟ್ಟಿದ್ದು ಧ್ವನಿಗೆ ಬಂದಿತು. ಯಾರಿಗೂ ಅದು ಅಪಚಾರವೆನ್ನಿಸಲಿಲ್ಲ. ಅದಕ್ಕೂ ಹಿಂದೆ ಹೋದರೆ, ಆಸ್ಟ್ರಿಯಾದ ಚರ್ಚ್ ಸಂಗೀತದಲ್ಲಿ ಆಲ್ಟೊ, ಟೆನರ್, ಬೇಸ್ ಧ್ವನಿಗಳ ಜೊತೆಗೆ ಅದೇ ಸ್ವರಗಳನ್ನು ಮೂರು ಟ್ರೊಂಬೋನ್‌ಗಳು ಊದುವುದು ದಿನನಿತ್ಯದ ರೂಢಿಯಾಗಿತ್ತು. 1791ರ ಮೊಜಾರ್ಟ್ ರೆಕ್ವಿಯೆಮ್‌ನಲ್ಲಿ (ಮೃತರಿಗಾಗಿ ನಡೆಸುವ ಪೂಜೆಯ ಸಂಗೀತ) ಇಂದಿಗೂ ಅದನ್ನು ಕೇಳಬಹುದು. ವೆನಿಸ್‌ನ ಸೇಂಟ್ ಮಾರ್ಕ್ ಬೆಸಿಲಿಕಾದ ಜೊವಾನ್ನಿ ಗಾಬ್ರಿಯೇಲಿ ತಮ್ಮ 1597ರ ಸಂಪುಟದ ಮುಖಪುಟದಲ್ಲೇ, ಇವು ಧ್ವನಿಗಳಿಗೂ ಸರಿ ವಾದ್ಯಗಳಿಗೂ ಸರಿ ಎಂದು ಅಚ್ಚು ಹಾಕಿಸಿದ್ದರು.

ಇಷ್ಟಾದರೂ ಮೂಲಪ್ರತಿ ಅವರ ವಾದದಲ್ಲಿ ಒಂದಂಶವನ್ನು ಒಪ್ಪಲೇಬೇಕು. ಧ್ವನಿಯ ಜೊತೆಗೆ ಊದುವುದು ಬೇರೆ, ಧ್ವನಿಯ ಬದಲಿಗೆ ಊದುವುದು ಬೇರೆ. ಮೊದಲನೆಯದರಲ್ಲಿ ಪದ ಉಳಿಯುತ್ತದೆ, ಎರಡನೆಯದರಲ್ಲಿ ಕೇಳುವವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಡ್ಯಾನ್ಯೂಬ್‌ದಂಡೆ ಅವರ ಊರಿನಲ್ಲಿ ಆ ನೆನಪು ಇದೆಯೆಂದು ಅವರೇ ಬರೆದಿರುವುದರಿಂದ ಇಲ್ಲಿ ನನಗೆ ಆತಂಕವಿಲ್ಲ. ಆದರೂ ಊದುವ ಮೊದಲು ಆ ಒಂದು ವಾಕ್ಯವನ್ನು ಯಾರಾದರೂ ಗಟ್ಟಿಯಾಗಿ ಓದಲಿ. ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಇನ್ನು ಶ್ರುತಿಯ ವಿಷಯ. ಬಿ ಫ್ಲಾಟ್ ಮೇಜರ್‌ಗೆ ಇಳಿಸಿರಿ, ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಬರವಣಿಗೆಯ ಅನುಕೂಲ. ನಿಮ್ಮ ಫ್ಲೂಗಲ್‌ಹಾರ್ನ್‌ಗಳು ಬಿ ಫ್ಲಾಟ್ ವಾದ್ಯಗಳು, ಬರೆದದ್ದಕ್ಕಿಂತ ಒಂದು ಪೂರ್ಣಸ್ವರ ಕೆಳಗೆ ನುಡಿಯುತ್ತವೆ. ಹಾಗಾದರೆ ಗಾಯನವೃಂದದ ಅಚ್ಚಾದ ಪ್ರತಿಯಲ್ಲಿರುವ ಸೊಪ್ರಾನೊ, ಆಲ್ಟೊ ಸಾಲುಗಳನ್ನು ಅವರಿಬ್ಬರೂ ಇದ್ದದ್ದು ಇದ್ದ ಹಾಗೆ ಓದಿದರೆ ಕೇಳಿಸುವುದು ತಾನಾಗಿಯೇ ಬಿ ಫ್ಲಾಟ್ ಮೇಜರ್. ಟೆನರ್ ಸಾಲನ್ನು ಅಚ್ಚಿನಲ್ಲಿ ಟ್ರೆಬಲ್ ಕ್ಲೆಫ್‌ನಲ್ಲಿ (ಎತ್ತರದ ಸ್ವರಗಳನ್ನು ಬರೆಯಲು ಬಳಸುವ ಗುರುತು), ಹಾಡುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆದಿರುತ್ತಾರೆ. ನಿಮ್ಮ ಟೆನರ್‌ಹಾರ್ನ್ ವಾದಕರು ಊರ ಬ್ಯಾಂಡಿನ ರೂಢಿಯಂತೆ ಟ್ರೆಬಲ್ ಕ್ಲೆಫ್ ಓದುವವರಾದರೆ, ಬರೆದದ್ದಕ್ಕಿಂತ ಒಂದು ಸ್ಥಾಯಿ ಮತ್ತು ಒಂದು ಸ್ವರ ಕೆಳಗೆ ನುಡಿಯುತ್ತಾರೆ. ಅವರೂ ಅದೇ ಪ್ರತಿಯಿಂದ ನೇರವಾಗಿ ಓದಬಹುದು. ಹೊಸದಾಗಿ ಬರೆಯಬೇಕಾದದ್ದು ಬೇಸ್ ಸಾಲೊಂದನ್ನೇ, ನಿಮಗೂ ಟ್ಯೂಬಾಗೂ. ಇದರಿಂದ ಇನ್ನೊಂದು ಲಾಭವಿದೆ: ಮೇಲಿನ ಮೂವರ ಕಣ್ಣೆದುರಿಗೆ ಸ್ವರಗಳ ಕೆಳಗೆ ಲ್ಯಾಟಿನ್ ಪದಗಳು ಇದ್ದೇ ಇರುತ್ತವೆ. ನಿಮ್ಮ ಸಾಲಿಗೂ ಪದಗಳನ್ನು ಕೈಯಲ್ಲೇ ಬರೆದುಕೊಳ್ಳಿ. ನಮ್ಮ ಕಡೆಯ ಪೊಸೌನೆನ್‌ಕೋರ್‌ಗಳಲ್ಲಿ ಟ್ರಂಪೆಟ್‌ನವರೂ ಕೇಳಿಸುವ ಶ್ರುತಿಯನ್ನೇ ಓದುವ ರೂಢಿಯಿರುವುದರಿಂದ ಈ ಉಪಾಯ ನಮಗೆ ಒದಗುವುದಿಲ್ಲ, ನಿಮಗೆ ಒದಗುತ್ತದೆ.

ಎರಡನೆಯದು ಮೇಳಸ್ವರಗಳ ಶುದ್ಧಿ. ಇಂತಹ ನಿಧಾನದ, ಒಟ್ಟಾದ ಸಂಗೀತದಲ್ಲಿ ಮೇಜರ್ ಮೇಳಸ್ವರದ ಮೂರನೆಯ ಸ್ವರವನ್ನು ಪಿಯಾನೋದ ಶ್ರುತಿಗಿಂತ ಸುಮಾರು 14 ಸೆಂಟ್‌ನಷ್ಟು (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ತಗ್ಗಿಸಿದರೆ ಮಾತ್ರ ಮೇಳ ಅಲುಗದೆ ನಿಲ್ಲುತ್ತದೆ. ಅಭ್ಯಾಸವಿರುವ ಗಾಯನವೃಂದ ಇದನ್ನು ಕಿವಿಯಿಂದಲೇ ಮಾಡಿಕೊಳ್ಳುತ್ತದೆ. ಟ್ರೊಂಬೋನ್‌ನಲ್ಲಿ ಕೊಳವೆ ಜಾರಿಸಿದರಾಯಿತು, ಕವಾಟದ ವಾದ್ಯಗಳಲ್ಲಿ ತುಟಿಯಿಂದಲೇ ಸರಿಪಡಿಸಬೇಕು. ಬಿ ಫ್ಲಾಟ್ ಮೇಜರ್‌ನಲ್ಲಿ ಆ ಮೂರನೆಯ ಸ್ವರ ಕೇಳಿಸುವ ಡಿ. ಫ್ಲೂಗಲ್‌ಹಾರ್ನ್‌ನ ಮೇಲಿನ ಸ್ಥಾಯಿಯಲ್ಲಿ ಅದನ್ನು ಯಾವ ಕವಾಟವನ್ನೂ ಒತ್ತದೆ ಐದನೆಯ ಸಹಜಸ್ವರವಾಗಿ (ಕೊಳವೆಯಲ್ಲಿ ತಾನಾಗಿ ಹುಟ್ಟುವ ಸ್ವರಗಳ ಸಾಲಿನಲ್ಲಿ ಐದನೆಯದು) ಊದುತ್ತಾರೆ, ಅದು ಹುಟ್ಟಿನಿಂದಲೇ ಅಷ್ಟು ತಗ್ಗಿರುತ್ತದೆ. ಸಿ ಮೇಜರ್‌ನಲ್ಲಾದರೆ ಅದೇ ಸ್ಥಾನಕ್ಕೆ ಬರುವ ಇ ಸ್ವರ ಎರಡನೆಯ ಕವಾಟದ ಮೇಲೆ, ಆರನೆಯ ಸಹಜಸ್ವರದಿಂದ ಬರುತ್ತದೆ. ಅದು ತುಸು ಏರಿಯೇ ಇರುವುದರಿಂದ ಊದುವವರು ಪ್ರತಿ ಸಲವೂ ಕೆಳಗೆ ಎಳೆಯಬೇಕು. ಮೆಲ್ಲಗೆ ಊದುವಾಗ ಹಾಗೆ ಎಳೆದ ಸ್ವರದ ನಾದ ಮಂಕಾಗುತ್ತದೆ.

ಸ್ವರ ಹೊರಡಿಸುವ ಬಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಬ್ಯಾಂಡಿನಲ್ಲಿ ನಡಿಗೆಯ ಸಂಗೀತಕ್ಕೆ ನಾಲಿಗೆ ‘ತ’ ಎನ್ನುತ್ತದೆ. ಇಲ್ಲಿ ಎಲ್ಲರೂ ‘ದ’ ಎನ್ನಲಿ. ಒತ್ತಿಲ್ಲದ ಅಕ್ಷರಗಳಿಗೆ ಅದಕ್ಕಿಂತಲೂ ಮೃದುವಾಗಿ, ಗಾಳಿ ನಿಲ್ಲದಂತೆ, ನಾಲಿಗೆ ಮುಟ್ಟಿತೋ ಇಲ್ಲವೋ ಎಂಬಂತಿರಲಿ. ಒಂದೇ ಸ್ವರ ಮರುಕಳಿಸುವಲ್ಲಿ ಕುಟ್ಟಿದಂತಾಗುವುದು ಎರಡು ಸ್ವರಗಳ ನಡುವೆ ಗಾಳಿಯನ್ನು ಕಡಿಯುವುದರಿಂದ. ಗಾಳಿ ಹರಿಯುತ್ತಲೇ ಇದ್ದು, ಆಲ್ಟೊಸಾಲು ಅವರು ಹೇಳಿದ ಭಾರ ಹಗುರಗಳು ಮಾತ್ರ ಬದಲಾದರೆ ಆ ತೊಂದರೆ ಮುಕ್ಕಾಲು ಪಾಲು ಕಳೆಯುತ್ತದೆ.

ಡ್ಯಾನ್ಯೂಬ್‌ದಂಡೆ:

ಇಷ್ಟು ವಿವರವಾದ ಉತ್ತರಗಳಿಗೆ ಎಲ್ಲರಿಗೂ ವಂದನೆಗಳು. ನಮ್ಮ ಟೆನರ್‌ಹಾರ್ನ್ ವಾದಕರು ಟ್ರೆಬಲ್ ಕ್ಲೆಫನ್ನೇ ಓದುತ್ತಾರೆ, ಆದ್ದರಿಂದ ಜಾರುಕೊಳವೆ ಅವರ ಉಪಾಯವನ್ನು ನಿನ್ನೆ ಸಂಜೆಯೇ ಪರೀಕ್ಷಿಸಿದೆವು. ಮೂವರೂ ಗಾಯನವೃಂದದ ಹಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಊದಿದರು, ಏನನ್ನೂ ಬರೆಯದೆಯೇ ಬಿ ಫ್ಲಾಟ್ ಮೇಜರ್ ಕೇಳಿಸಿತು. ಪದಗಳು ಕಣ್ಣೆದುರಿಗಿದ್ದದ್ದರಿಂದ ಆದ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ಹೆಚ್ಚು. ವಿಶೇಷವಾಗಿ ‘ಫಾಕ್ತುಸ್ ಎಸ್ತ್’ ಎಂಬ ಮುಕ್ತಾಯದಲ್ಲಿ ಎಲ್ಲರೂ ತಾವಾಗಿಯೇ ಕೊನೆಯ ಸ್ವರವನ್ನು ಹಗುರಗೊಳಿಸಿದರು.

ಮೂಲಪ್ರತಿ ಅವರ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಹಾಡುವವರು ಸಿಕ್ಕಿದ್ದರೆ ನಾನೂ ಹಾಡುವುದನ್ನೇ ಬಯಸುತ್ತಿದ್ದೆ. ಸಿಗದಿರುವಾಗ ಈ ಹಬ್ಬಕ್ಕೆ ಈ ಕೃತಿ ಪೂರ್ತಿ ಇಲ್ಲದಿರುವುದಕ್ಕಿಂತ ವಾದ್ಯದಲ್ಲಾದರೂ ಇರಲಿ ಎಂಬುದು ಆರ್ಗನ್ ನುಡಿಸುವವರ ಅಭಿಪ್ರಾಯ, ನನ್ನದೂ ಅದೇ.

ಉಳಿದಿರುವ ಪ್ರಶ್ನೆಗಳು ಎರಡು. ಒಂದು, ಗತಿ. ನಾವು ಕೇಳಿದ ಗಾಯನಗಳೆಲ್ಲ ಬಹಳ ನಿಧಾನ. ಅದೇ ಗತಿಯಲ್ಲಿ ಊದಲು ಹೋದರೆ ನುಡಿಯ ಕೊನೆಗೆ ಉಸಿರು ಸಾಲುವುದಿಲ್ಲ. ಇನ್ನೊಂದು, ಟ್ಯೂಬಾ ಮಧ್ಯಭಾಗದಲ್ಲಿ ಸುಮ್ಮನಿರಲಿ ಎಂಬುದು ತೀರ್ಮಾನವಾಯಿತು, ಸರಿ; ಉಳಿದೆಡೆ ಎಲ್ಲೆಲ್ಲಿ ಊದಬೇಕು?

ಆಲ್ಟೊಸಾಲು:

ಗತಿಯ ಬಗ್ಗೆ ಮೂಲವನ್ನೇ ನೋಡಿರಿ. ಬ್ರುಕ್ನರ್ ಬರೆದಿರುವ ಸೂಚನೆ ‘ಅಲ್ಲೆಗ್ರೊ ಮೊದೆರಾತೊ’, ಅಂದರೆ ಮಿತವಾದ ಚುರುಕು. ಅದನ್ನು ಅಷ್ಟು ನಿಧಾನ ಮಾಡಿದ್ದು ನಮ್ಮಂತಹ ಗಾಯನವೃಂದಗಳೇ, ಅದಕ್ಕೆ ಕಾರಣ ಭಕ್ತಿ ಎಷ್ಟೋ, ಸುಂದರವಾದ ಮೇಳಸ್ವರದ ಮೇಲೆ ನಿಂತುಕೊಳ್ಳುವ ಆಸೆಯೂ ಅಷ್ಟೇ. ಗಾಯನವೃಂದದಲ್ಲಿ ಒಂದೊಂದು ಸಾಲಿಗೆ ಆರೇಳು ಮಂದಿ ಇರುವುದರಿಂದ ಒಬ್ಬೊಬ್ಬರು ಒಂದೊಂದು ಕಡೆ ಗುಟ್ಟಾಗಿ ಉಸಿರೆಳೆದುಕೊಂಡು ಸಾಲನ್ನು ಕಡಿಯದಂತೆ ನಡೆಸಬಹುದು. ಸಾಲಿಗೊಬ್ಬರೇ ಇರುವ ನಿಮಗೆ ಆ ಸೌಲಭ್ಯವಿಲ್ಲ. ಬರೆದ ಗತಿಗೆ ಹತ್ತಿರವಾಗಿ ಊದಿ, ‘ಇಸ್ತೆ’ ಆದ ಮೇಲೆ, ‘ಎಸ್ತ್’ ಆದ ಮೇಲೆ, ಹಾಡುವವರು ಅರ್ಥಕ್ಕಾಗಿ ಬಿಡುವ ಕಡೆಯಲ್ಲೇ ಐವರೂ ಒಟ್ಟಿಗೆ ಉಸಿರೆಳೆದುಕೊಂಡರೆ ಅದು ಕೊರತೆಯೆನ್ನಿಸುವುದಿಲ್ಲ. ಒಬ್ಬೊಬ್ಬರೂ ತಮಗೆ ಬೇಕಾದಲ್ಲಿ ಬಿಟ್ಟರೆ ಮಾತ್ರ ಮೇಳ ತೂತಾಗುತ್ತದೆ.

ಮೂಲ ಪ್ರಾರ್ಥನಾಲಯ ಇಡೀ ಕೆಥೆಡ್ರಲ್ ಅಲ್ಲವೆಂಬುದನ್ನೂ ನೆನಪಿಡಿ. ಇಂದು ಇಪ್ಪತ್ತು ಸಾವಿರ ಜನ ಹಿಡಿಸುವುದೆಂದು ಹೇಳುವ ಆ ಕಟ್ಟಡ ಪೂರ್ತಿಯಾಗಿ ಪ್ರತಿಷ್ಠಾಪನೆಗೊಂಡದ್ದು 1924ರಲ್ಲಿ. 1869ರಲ್ಲಿ ಇದ್ದದ್ದು ಅದರ ಒಂದು ಭಾಗ ಮಾತ್ರ. ಅಷ್ಟಗಲದ ಪ್ರತಿಧ್ವನಿಯನ್ನು ಮನಸ್ಸಿನಲ್ಲಿಟ್ಟು ನಿಮ್ಮ ಹಳ್ಳಿಯ ಚರ್ಚಿನಲ್ಲಿ ಎಳೆಯಬೇಕಾದ ಅಗತ್ಯವಿಲ್ಲ.

ಟ್ಯೂಬಾಗೆ ‘ಇನೆಸ್ತಿಮಾಬಿಲೆ’ಯ ಎರಡನೆಯ ಏರಿಕೆಯನ್ನು ಕೊಡಬಹುದು, ಮರಳಿ ಬರುವ ‘ಲೋಕುಸ್ ಇಸ್ತೆ’ಯನ್ನು ಕೊಡಬಹುದು. ಮೌನದ ನಂತರದ ಕೊನೆಯ ನುಡಿಯಲ್ಲಿ ಬೇಡ. ಅದು ಹಾಡುವಾಗ ಅತ್ಯಂತ ಮೆಲ್ಲಗಿನ ಜಾಗ.

ಜಾರುಕೊಳವೆ:

ಕೊನೆಯ ನುಡಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಒಳ್ಳೆಯ ಟ್ಯೂಬಾ ವಾದಕರು ಬೇಸ್ ಸಾಲಿನ ಒಂದು ಸ್ಥಾಯಿ ಕೆಳಗೆ, ಆರ್ಗನ್‌ನ ಪೆಡಲ್‌ನಷ್ಟು ಮೆಲ್ಲಗೆ ಸೇರಿಕೊಂಡರೆ ಮೇಲಿನ ನಾಲ್ವರು ಇನ್ನೂ ಮೆಲ್ಲಗೆ ಊದಲು ಧೈರ್ಯ ಬರುತ್ತದೆ, ಏಕೆಂದರೆ ಶ್ರುತಿಗೆ ನೆಲ ಸಿಕ್ಕಿರುತ್ತದೆ. ಆದರೆ ಇದು ಆ ವಾದಕರನ್ನು ನೋಡಿ ನಿರ್ಧರಿಸಬೇಕಾದ ಮಾತು. ಟ್ಯೂಬಾದ ಸ್ವರ ಹೊರಡುವುದು ಕೂದಲೆಳೆಯಷ್ಟು ತಡವಾಗುವವರಾದರೆ ಆಲ್ಟೊಸಾಲು ಅವರು ಹೇಳಿದ್ದೇ ಸರಿ. ಎರಡನ್ನೂ ಊದಿಸಿ, ನೀವು ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ.

‘ಇರ್ರೆಪ್ರೆಹೆನ್ಸಿಬಿಲಿಸ್’ ಭಾಗದಲ್ಲಿ ಬೇಸ್ ಇಲ್ಲದಿರುವುದರಿಂದ ಕೆಳಗಿನ ಸಾಲು ಟೆನರ್‌ಹಾರ್ನ್ ವಾದಕರದ್ದಾಗುತ್ತದೆ, ಅವರಿಗೆ ಅದನ್ನು ಮುಂಚೆಯೇ ಹೇಳಿರಿ. ನಡುವಿನ ಧ್ವನಿಯೆಂದು ಸದಾ ಹಿಂದೆ ಸರಿದು ಊದಿ ರೂಢಿಯಾದವರು ಅಲ್ಲಿ ತಾವೇ ಆಧಾರವೆಂದು ತಿಳಿಯದೆ ಹೋದರೆ ಮೇಲಿನ ಇಬ್ಬರು ಅರ್ಧಸ್ವರಗಳಲ್ಲಿ ದಾರಿ ತಪ್ಪುತ್ತಾರೆ. ಅಭ್ಯಾಸದಲ್ಲಿ ಆ ಕೆಲವು ಬಾರ್‌ಗಳನ್ನು ಮೂವರಿಂದಲೇ, ಪ್ರತಿ ಮೇಳಸ್ವರದ ಮೇಲೂ ನಿಂತು, ಊದಿಸಿ. ಆಗ ಯುಫೋನಿಯಂ ಕೆಳಗಿಟ್ಟು ಕೇಳುವ ಕಿವಿ ನಿಮ್ಮದಾಗಲಿ.

ಮೂಲಪ್ರತಿ:

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಊದುವುದೆಂದು ನಿರ್ಧಾರವಾದ ಮೇಲೆ ಪ್ರತಿಯ ಬಗ್ಗೆ ಒಂದು ಮಾತು ಹೇಳುವುದು ನನ್ನ ಹೆಸರಿಗೆ ತಕ್ಕದ್ದು. ಈ ಮೊಟೆಟ್ 1886ರಲ್ಲಿ ವಿಯೆನ್ನಾದ ರೆಟಿಗ್ ಪ್ರಕಾಶನದಿಂದ ಇನ್ನು ಮೂರು ಮೊಟೆಟ್‌ಗಳ ಜೊತೆಗೆ ಅಚ್ಚಾಯಿತು. ಬ್ರುಕ್ನರ್ ಇದನ್ನು ತಮ್ಮ ಶಿಷ್ಯ ಓಡೊ ಲೊಯ್ಡೋಲ್ ಅವರಿಗೆ ಅರ್ಪಿಸಿದ್ದರು. ಬ್ರುಕ್ನರ್ ತೀರಿಕೊಂಡದ್ದು 1896ರಲ್ಲಾದ್ದರಿಂದ ಕೃತಿಯ ಮೇಲೆ ಯಾರ ಹಕ್ಕೂ ಉಳಿದಿಲ್ಲ, ನಿಮ್ಮ ಅಳವಡಿಕೆಗೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಇತ್ತೀಚಿನ ಸಂಪಾದಕರೊಬ್ಬರ ಪ್ರತಿಯನ್ನು ಫೋಟೋಕಾಪಿ ಮಾಡಿ ಹಂಚುವುದು ಬೇರೆ ವಿಷಯ. ಚರ್ಚಿನ ಕಪಾಟಿನಲ್ಲಿರುವ ಹಳೆಯ ಪ್ರತಿಗಳನ್ನೇ ಬಳಸುತ್ತಿದ್ದೀರಿ ಎಂಬುದು ಒಳ್ಳೆಯದು.

ಹಾಗೆ ಬಳಸುವಾಗ ಆ ಪ್ರತಿಗಳ ಮೇಲೆ ಹಿಂದಿನ ಹಾಡುಗಾರರು ಪೆನ್ಸಿಲ್‌ನಲ್ಲಿ ಮಾಡಿಕೊಂಡಿರಬಹುದಾದ ಗುರುತುಗಳನ್ನು ಅಳಿಸಬೇಡಿ. ಎಲ್ಲಿ ಉಸಿರೆಳೆಯುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂಬುದು ಆ ಊರಿನ ಪರಂಪರೆ. ಆಲ್ಟೊಸಾಲು ಅವರು ಹೇಳಿದ ಉಸಿರಿನ ಜಾಗಗಳನ್ನು ಗೊತ್ತುಪಡಿಸುವಾಗ ಮೊದಲು ಅವನ್ನು ನೋಡಿಕೊಳ್ಳಿ.

ಡ್ಯಾನ್ಯೂಬ್‌ದಂಡೆ:

ಗುರುತುಗಳು ಇವೆ. ಟೆನರ್ ಪ್ರತಿಯೊಂದರಲ್ಲಿ ಆ ಮೌನದ ಬಾರ್‌ನ ಮೇಲೆ ಯಾರೋ ಎಣಿಕೆಯ ಅಂಕಿಗಳನ್ನೇ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅದೇ ಪ್ರತಿಯನ್ನು ಟೆನರ್‌ಹಾರ್ನ್ ವಾದಕರಿಗೆ ಕೊಟ್ಟಿದ್ದೇನೆ. ಟ್ಯೂಬಾ ವಾದಕರು ಮುಂದಿನ ಮಂಗಳವಾರದ ಅಭ್ಯಾಸಕ್ಕೆ ಬರುತ್ತಾರೆ. ಕೊನೆಯ ನುಡಿಯನ್ನು ಎರಡೂ ರೀತಿಯಲ್ಲಿ ಊದಿಸಿ, ಹಿಂದಿನ ಬೆಂಚಿನಿಂದ ಕೇಳಿ, ಯಾವುದು ಉಳಿಯಿತೆಂದು ಇಲ್ಲಿ ಬರೆಯುತ್ತೇನೆ. ಪೂಜೆಗೆ ಮೊದಲು ಪಠ್ಯವನ್ನು ಓದಲು ಗಾಯನವೃಂದದ ಹಿರಿಯ ಸೊಪ್ರಾನೊ ಒಬ್ಬರು ಒಪ್ಪಿಕೊಂಡಿದ್ದಾರೆ.